ಅವ್ವನ ಸ್ನಾನಕ್ಕೆ ಮೆದು ನೀರು

ನಮ್ಮ ಸ್ನಾನದ ಮನೆಯಲ್ಲಿ ನೀರು ಹಾಕಿಕೊಳ್ಳುವ ಸ್ಟೀಲಿನ ಚರಿಗೆ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿದೆ. ಇದನ್ನು ಕೇಳಿ ನಮ್ಮ ಸೇಡಂನವರಾಗಲಿ, ಆಚೆಯ ಚಿತ್ತಾಪುರ, ವಾಡಿ, ಶಹಾಬಾದದವರಾಗಲಿ ಹುಬ್ಬೇರಿಸುವುದಿಲ್ಲ. ಅವರವರ ಮನೆಯ ಚರಿಗೆಗಳೂ ಹಾಗೆಯೇ ಮೈ ತುಂಬಿಕೊಂಡಿರುತ್ತವೆ. ದೂರದ ಓದುಗರಿಗೆ ಮಾತ್ರ ವಿವರಿಸಬೇಕು: ನಮ್ಮ ಬೋರಿನ ನೀರು ಎಲ್ಲೆಲ್ಲಿ ಒಣಗುತ್ತದೋ ಅಲ್ಲೆಲ್ಲ ಒಂದು ಬಿಳಿಯ ಪದರನ್ನು ಬಿಟ್ಟು ಹೋಗುತ್ತದೆ, ಪದರಿನ ಮೇಲೆ ಪದರು ಕೂಡಿ ನಲ್ಲಿಯ ಬಾಯಿಗೆ ಹಲ್ಲು ಮೂಡುತ್ತವೆ, ಗೀಸರಿನ ಹೊಟ್ಟೆಯಲ್ಲಿ ಕಲ್ಲು ಬೆಳೆಯುತ್ತದೆ, ಚರಿಗೆಯು ಪಾತ್ರೆಗಳ ಜಾತಿ ಬಿಟ್ಟು ಶಿಲ್ಪಗಳ ಜಾತಿಗೆ ಸೇರುವ ಹಾದಿ ಹಿಡಿಯುತ್ತದೆ. ಈ ಮನೆ ಕಟ್ಟಿಸಿದಾಗ ಹೊಸದಾಗಿ ತಂದ ಆ ಚರಿಗೆಯೂ, ಆಗಿನ್ನೂ ಸಣಕಲನಾಗಿದ್ದ ನಾನೂ ಒಂದೇ ಪ್ರಮಾಣದಲ್ಲಿ ಸ್ಥೂಲಕಾಯರಾಗಿದ್ದೇವೆಂಬುದು ನನ್ನ ಹೆಂಡತಿ ಮಹಾದೇವಿಯ ಸಂಶೋಧನೆ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಚರಿಗೆಯಾದರೂ ಸ್ವಲ್ಪ ಇಳಿಯುತ್ತದೆ ಎಂದು ಆಕೆ ಸೇರಿಸುತ್ತಾಳೆ.

ತಪ್ಪು ನೀರಿನದಲ್ಲ, ನೆಲದ್ದು. ನಮ್ಮದು ಸುಣ್ಣಗಲ್ಲಿನ ಸೀಮೆ. ಶಹಾಬಾದದ ಗಣಿಗಳಿಂದ ಪದರು ಪದರಾಗಿ ಎದ್ದು ಬರುವ ಪರಸಿಯೇ ನಮ್ಮ ಮನೆಯ ನೆಲ, ಅದೇ ಕಟ್ಟೆ, ಅದೇ ಮೆಟ್ಟಿಲು. ಕೋಡ್ಲಾದ ಸಿಮೆಂಟ್ ಕಾರ್ಖಾನೆಯ ಕಡೆ ಹೋದರೆ ಅದೇ ಕಲ್ಲು ಬೂದುಬಣ್ಣದ ಪುಡಿಯಾಗಿ ಚೀಲ ಸೇರಿ ಲಾರಿ ಹತ್ತುತ್ತಿರುತ್ತದೆ. ಮೇಲೆ ಇಷ್ಟೆಲ್ಲ ಉಪಯೋಗಕ್ಕೆ ಬಂದು ಉಳಿದದ್ದು ಕೆಳಗಿನ ನೀರಿನಲ್ಲಿ ಕರಗಿ, ಮೋಟಾರಿನ ಮುಖಾಂತರ ಮತ್ತೆ ನಮ್ಮ ಮನೆಗೇ ಬಂದು ಸೇರುತ್ತದೆ. ನಾವು ಕಲ್ಲಿನ ಮೇಲೆ ನಡೆಯುತ್ತೇವೆ, ಬೇಸಿಗೆಯಲ್ಲಿ ಕಲ್ಲಿನ ಮೇಲೆಯೇ ಮಲಗುತ್ತೇವೆ, ಬೆಳಗಾದರೆ ಕಲ್ಲಿನ ಕಷಾಯದಲ್ಲಿ ಸ್ನಾನ ಮಾಡುತ್ತೇವೆ. ಸಾಬೂನು ಈ ನೀರಿನಲ್ಲಿ ನೊರೆಯಾಗುವ ಬದಲು ಒಡೆದ ಹಾಲಿನಂತೆ ತರಿತರಿಯಾಗಿ ಬಕೆಟ್ಟಿನ ಅಂಚಿಗೆ ಅಂಟಿಕೊಳ್ಳುತ್ತದೆ. ಇದಕ್ಕಿಂತ ದೊಡ್ಡ ಪರಿಹಾಸ್ಯವೆಂದರೆ, ತೊಗರಿಗೆ ಹೆಸರಾದ ನಮ್ಮ ನಾಡಿನ ಬೇಳೆ ನಮ್ಮ ಬೋರಿನ ನೀರಿನಲ್ಲಿಯೇ ಬೇಯುವುದಿಲ್ಲ. ಕುಕ್ಕರು ಎಷ್ಟು ಸಲ ಕೂಗಿದರೂ ಒಳಗಿನ ಬೇಳೆ ತನಗೆ ಕೇಳಿಸಲೇ ಇಲ್ಲವೆಂಬಂತೆ ಗಟ್ಟಿಯಾಗಿ ಕುಳಿತಿರುತ್ತದೆ. ಚಿಂಚೋಳಿ ಕಡೆಯವಳಾದ ಮಹಾದೇವಿ, "ನಮ್ಮೂರ ನೀರಾಗ ಬ್ಯಾಳಿ ಒಂದ ಕುದಿಗೆ ಬೆಣ್ಣಿ ಆಗ್ತದ ನೋಡ್ರಿ" ಎಂಬ ಮಾತನ್ನು ಮದುವೆಯಾದ ಮೊದಲ ವಾರ ಹೇಳಿದವಳು ಇಂದಿಗೂ ನಿಲ್ಲಿಸಿಲ್ಲ.

ಇಷ್ಟಾದರೂ ನಾವು ಈ ನೀರನ್ನು ಬೈಯುವವರಲ್ಲ. ಗಡಸು ನೀರು ಕುಡಿದವರ ಎಲುಬು ಗಟ್ಟಿ, ಮಾತು ಗಟ್ಟಿ, ಬಿಸಿಲಿಗೂ ಬಗ್ಗದ ಮಂದಿ ನಾವು ಎಂಬುದೊಂದು ಒಳಗೊಳಗಿನ ಅಭಿಮಾನ. ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಕೊಂಡಿರುವ ನಾನು ಕೂಡ, ಮೆದು ನೀರಿನ ಊರುಗಳಿಂದ ವರ್ಗವಾಗಿ ಬಂದ ಸಹೋದ್ಯೋಗಿಗಳು ಕೂದಲು ಉದುರುತ್ತಿದೆಯೆಂದು ಗೋಳಾಡಿದಾಗ, ನನ್ನ ನುಣ್ಣನೆಯ ನೆತ್ತಿಯನ್ನು ಸವರಿಕೊಳ್ಳುತ್ತ, "ರೂಢಿ ಆಗ್ತದ ಬಿಡ್ರಿ" ಎಂದು ಧೈರ್ಯ ಹೇಳಿದವನು.

ಆ ಅಭಿಮಾನ ಕಳಚಿ ಬಿದ್ದದ್ದು ಕಳೆದ ಚಳಿಗಾಲದಲ್ಲಿ, ಅವ್ವನ ದೆಸೆಯಿಂದ.

ಅವ್ವನಿಗೆ ಎಂಬತ್ತರ ಹತ್ತಿರ. ಬೆಳಿಗ್ಗೆ ಎದ್ದರೆ ಆಕೆಯ ಬದುಕಿಗೆ ಒಂದೇ ಕ್ರಮ: ಸ್ನಾನ, ವಿಭೂತಿ, ಲಿಂಗಪೂಜೆ, ಆಮೇಲೆ ಬಾಯಿಗೆ ಏನಾದರೂ. ಸ್ನಾನವಿಲ್ಲದೆ ಪೂಜೆಯಿಲ್ಲ, ಪೂಜೆಯಿಲ್ಲದೆ ಒಂದು ಗುಟುಕು ಚಹಾ ಸಹ ಇಲ್ಲ. ಮೊದಲ ಚರಿಗೆ ನೀರು ಮೈಮೇಲೆ ಬಿದ್ದಾಗಿನಿಂದ ಪೂಜೆ ಮುಗಿಯುವವರೆಗೆ ಮಾತೂ ಇಲ್ಲ. ಮನೆಗೆ ಕಳ್ಳ ಹೊಕ್ಕರೂ ಆ ಹೊತ್ತಿನಲ್ಲಿ ಆಕೆ ಕೈಸನ್ನೆಯಿಂದಲೇ ಕುಳಿತುಕೊಳ್ಳಲು ಹೇಳಿ ಕಾಯಿಸಿಯಾಳು. ಚಳಿಗಾಲ ಬಂತೆಂದರೆ ನಮ್ಮ ನೀರು ಆಕೆಯ ವೃದ್ಧ ಚರ್ಮಕ್ಕೆ ಉರಿಯಾಗುತ್ತಿತ್ತು. ಸ್ನಾನ ಮುಗಿಸಿ ಬಂದರೆ ತೋಳು, ಬೆನ್ನು ಬಿಳಿಚಿಕೊಂಡು ಬಿರಿಯುತ್ತಿದ್ದವು, ಕೆರೆದಲ್ಲಿ ಸಣ್ಣ ಸಣ್ಣ ರಕ್ತದ ಗೆರೆ ಮೂಡುತ್ತಿದ್ದವು. ಕಲಬುರಗಿಯ ಚರ್ಮದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ಮುಲಾಮು ಬರೆದುಕೊಟ್ಟು, ಈ ವಯಸ್ಸಿನಲ್ಲಿ ಎರಡು ದಿನಕ್ಕೊಮ್ಮೆ ಸ್ನಾನ ಮಾಡಿದರೆ ಸಾಕು ಎಂದರು. "ಹಂಗಾದ್ರ ಊಟಾನೂ ಎರಡ ದಿನಕ್ಕೊಮ್ಮೆ ಮಾಡ್ಲೇನ್ರಿ?" ಎಂದು ಅವ್ವ ಕೇಳಿದಳು. ಡಾಕ್ಟರು ನಕ್ಕರು, ನಾನೂ ನಕ್ಕೆ. ಅವ್ವ ತಮಾಷೆ ಮಾಡಿರಲಿಲ್ಲವೆಂಬುದು ನನ್ನ ಮಂದಬುದ್ಧಿಗೆ ಹೊಳೆಯಲಿಲ್ಲ.

ಅವ್ವ ಸೋಮವಾರ ಒಪ್ಪತ್ತು ಇರುವವಳು. ಆ ಸಲ ಬುಧವಾರವೊಂದರಂದು ಆಕೆಯ ತಾಟು ಮುಟ್ಟದೆ ಇದ್ದುದನ್ನು ಕಂಡು ವಿಚಾರಿಸಿದರೆ, "ಇವತ್ತ ಸ್ವಾಮಾರ ಅಲ್ಲೇನೋ" ಎಂದಳು. ಎರಡು ದಿನ ಬಿಟ್ಟು ಮತ್ತೆ ಸೋಮವಾರ ಬಂತು. ಒಂದೇ ವಾರದಲ್ಲಿ ಮೂರು ಸೋಮವಾರಗಳು ಬಂದಾಗ, ಅವ್ವನಿಗೆ ಮರೆವಿನ ರೋಗ ಶುರುವಾಯಿತೇನೋ ಎಂದು ಹೆದರಿದೆ. ಮಹಾದೇವಿಗೆ ಹೇಳಿದರೆ ಆಕೆ, "ಮರವು ಅಲ್ರಿ. ಮೈ ಉರಿತದ ಅಂತ ಸ್ನಾನ ಬಿಡಾಕತ್ತಾರ. ಸ್ನಾನ ಬಿಟ್ಟ ದಿನ ಪೂಜಿ ಇಲ್ಲ, ಪೂಜಿ ಇಲ್ಲಂದ್ರ ಊಟ ಇಲ್ಲ. ನನಗೂ ನಿನ್ನಿನೇ ಗೊತ್ತಾತು" ಎಂದಳು. ನೀವೇ ಹೇಳಿ, ಗಟ್ಟಿ ಮಂದಿಯ ಗಟ್ಟಿ ನೀರೆಂದು ಹೊರಗೆ ಭಾಷಣ ಬಿಗಿಯುವ ಮಗನ ಮನೆಯಲ್ಲಿ ತಾಯಿ ಆ ನೀರಿಗೆ ಹೆದರಿ ಉಪವಾಸ ಮಲಗುವುದೆಂದರೆ ಏನು? ನನಗೆ ಬಹಳ ನಾಚಿಕೆಯಾಯಿತು. ಇಡೀ ಮನೆಯ ನೀರನ್ನು ಮೆದು ಮಾಡುವ ಯಂತ್ರವನ್ನು ಹಾಕಿಸದೆ ಈ ಚಳಿಗಾಲ ಕಳೆಯಬಾರದೆಂದು ಅಂದೇ ನಿಶ್ಚಯಿಸಿದೆ.

ನಿಶ್ಚಯಿಸುವುದು ಸುಲಭ, ಆರಿಸುವುದು ಕಷ್ಟ. ಮದುವೆಗೆ ಕನ್ಯೆ ನೋಡುವಾಗ ಕೂಡ ನಾನು ಇಷ್ಟು ಜನರ ಅಭಿಪ್ರಾಯ ಕೇಳಿರಲಿಲ್ಲ.

ಮೊದಲು ಬಂದವನು ಟೈ ಕಟ್ಟಿಕೊಂಡಿದ್ದ ತರುಣ ಮಾರಾಟಗಾರ. ಅವನು ನಮ್ಮ ನೀರನ್ನು ಒಂದು ಗಾಜಿನ ಲೋಟದಲ್ಲಿ ಹಿಡಿದು, ಅದರೊಳಗೆ ಎರಡು ಲೋಹದ ಕಡ್ಡಿ ಇಳಿಬಿಟ್ಟು, ವಿದ್ಯುತ್ತು ಹರಿಸಿದ. ನೋಡುನೋಡುತ್ತಿದ್ದಂತೆ ನೀರು ಕಂದಿ, ಕೆಂಪಾಗಿ, ಕಡೆಗೆ ಚಟ್ನಿಯಂತಾಯಿತು. "ಇದನ್ನೇ ನೀವು ಇಷ್ಟು ವರ್ಷ ಉಪಯೋಗಿಸಿದ್ದೀರಿ" ಎಂದು ಅವನು ಗಂಭೀರನಾದ. ಕಡ್ಡಿಯ ಕಬ್ಬಿಣವೇ ಬಿಟ್ಟುಕೊಂಡು ನೀರಿಗೆ ಆ ಬಣ್ಣ ಬರುತ್ತದೆಂಬುದು ನನಗೆ ಆಮೇಲೆ ತಿಳಿಯಿತು. ಆ ಕ್ಷಣಕ್ಕೆ ಮಾತ್ರ ನಾನು ರುಜು ಹಾಕಲು ಪೆನ್ನು ಹುಡುಕತೊಡಗಿದ್ದೆ. ತಡೆದವಳು ಮಹಾದೇವಿ. ಅವನು ಮಾದರಿಗೆಂದು ತಂದಿದ್ದ ಶುದ್ಧ ನೀರಿನ ಬಾಟಲಿಯನ್ನು ಇಸಿದುಕೊಂಡು, ಒಂದು ಮುಷ್ಟಿ ತೊಗರಿಬೇಳೆಯೊಂದಿಗೆ ಒಲೆಯ ಮೇಲೆ ಇಟ್ಟು, "ಕುಂದ್ರಪ್ಪಾ, ಬ್ಯಾಳಿ ಏನ್ ಹೇಳ್ತದ ಕೇಳೂಣು" ಎಂದಳು. ನಮ್ಮ ಕಡೆ ನೀರಿನ ವಿಷಯದಲ್ಲಿ ಕಡೆಯ ತೀರ್ಪು ಬೇಳೆಯದು. ಅದು ಕರಗಿದರೆ ನೀರು ಒಳ್ಳೆಯದು, ಕರಗದಿದ್ದರೆ ಕೆಟ್ಟದ್ದು, ಮೇಲ್ಮನವಿಗೆ ಅವಕಾಶವಿಲ್ಲ. ತರುಣ ಟೈ ಸಡಿಲಿಸಿಕೊಂಡು ಎರಡು ಕಪ್ಪು ಚಹಾ ಕುಡಿದ. ಬೇಳೆ ಬೆಂದಿತು, ನಿಜ. ಆದರೆ ಪೂಜೆ ಮುಗಿಸಿ ಬಂದ ಅವ್ವ, "ನಿನ್ನ ಮಶಿನ್ನು ಎಷ್ಟ ನೀರು ಮೋರಿಗೆ ಚೆಲ್ತದಪಾ?" ಎಂದು ಕೇಳಿದಳು. ಇಡೀ ಮನೆಗೆ ಅವನು ಹಾಕಬೇಕೆಂದಿದ್ದ ಯಂತ್ರ ಒಂದು ಕೊಡ ಕೊಡುವುದಕ್ಕೆ ಒಂದು ಕೊಡಕ್ಕಿಂತ ಹೆಚ್ಚು ಚೆಲ್ಲುತ್ತದೆಂದು ಅವನು ಪ್ರಾಮಾಣಿಕವಾಗಿಯೇ ಒಪ್ಪಿಕೊಂಡ. ಅವ್ವ ಎದ್ದು ಒಳಗೆ ಹೋದಳು. ಆ ಸಂಬಂಧ ಅಲ್ಲಿಗೆ ಮುರಿಯಿತು.

ಎರಡನೆಯ ಸಲಹೆ ಶಹಾಬಾದದಲ್ಲಿ ಪರಸಿ ಪಾಲಿಶ್ ಮಾಡುವ ಯಾರ್ಡ್ ಇಟ್ಟಿರುವ ನನ್ನ ಷಡ್ಡಕನದು. ಪೈಪಿಗೆ ಒಂದು ಆಯಸ್ಕಾಂತ ಕಟ್ಟಿದರೆ ನೀರಿನೊಳಗಿನ ಸುಣ್ಣ ತಾನೇ ಹೆದರಿ ಸುಮ್ಮನಾಗುತ್ತದೆಂದು ಅವನು ಎಲ್ಲೋ ಕೇಳಿದ್ದ. ಕೇಳಿದ್ದನ್ನು ಪ್ರಯೋಗಿಸಲು ಮಾತ್ರ ನನ್ನ ಪೈಪನ್ನೇ ಆರಿಸಿಕೊಂಡ. ತಿಂಗಳೊಂದು ಕಟ್ಟಿ ನೋಡಿದೆವು. ಆಯಸ್ಕಾಂತಕ್ಕೆ ಮನೆಯ ಎರಡು ಸೂಜಿ, ಒಂದು ಕೀಲಿಕೈ ಅಂಟಿಕೊಂಡಿದ್ದು ಬಿಟ್ಟರೆ ಬೇರೆ ಪರಿಣಾಮವೇನೂ ಕಾಣಲಿಲ್ಲ. ಅಷ್ಟರಲ್ಲಿ ಅವ್ವನ ಸೋಮವಾರಗಳು ನಡೆದೇ ಇದ್ದವು, ಆಕೆಯ ಬಳೆಗಳು ಮುಂಗೈಯಿಂದ ಮೊಳಕೈವರೆಗೆ ಸಲೀಸಾಗಿ ಸರಿದಾಡತೊಡಗಿದ್ದವು.

ಕೊನೆಗೆ ದಾರಿ ತೋರಿಸಿದವರು ವಾಡಿಯ ಮಹಬೂಬ್ ಸಾಬರು. ಸಿಮೆಂಟ್ ಕಾರ್ಖಾನೆಯೊಂದರ ನೀರಿನ ವಿಭಾಗದಲ್ಲಿ ದುಡಿದು ನಿವೃತ್ತರಾಗಿ, ಈಗ ಮನೆಮನೆಗೆ ನೀರಿನ ಯಂತ್ರ ಜೋಡಿಸಿಕೊಡುವ ಹಿರಿಯರು. ಬಂದವರೇ ಒಂದು ಸಣ್ಣ ಬಾಟಲಿಗೆ ನಮ್ಮ ನೀರು ಹಾಕಿ, ಸಾಬೂನಿನ ದ್ರಾವಣವನ್ನು ಹನಿ ಹನಿಯಾಗಿ ಬಿಟ್ಟು ಅಲುಗಾಡಿಸುತ್ತ ಹೋದರು. ಎಷ್ಟು ಹನಿ ಬಿದ್ದರೂ ನೊರೆ ನಿಲ್ಲಲಿಲ್ಲ. ಸಾಬರು ಬಾಟಲಿಯನ್ನು ಬೆಳಕಿಗೆ ಹಿಡಿದು, ಹಳೆಯ ಶತ್ರುವನ್ನು ಗುರುತು ಹಿಡಿದವರಂತೆ ತಲೆಯಾಡಿಸಿದರು.

"ಸರ್, ಜಿಂದಗಿಭರ್ ಬಾಯ್ಲರಿಗೆ ಮೆದು ನೀರು ಕುಡಿಸೀನ್ರಿ ನಾ. ಈ ಗಡಸು ನೀರು ಹೋದ್ರ ಕಬ್ಬಿಣದ ಪೈಪೇ ತಾಳಂಗಿಲ್ಲ ಅಂತ ಅಲ್ಲಿ ದಿನಾ ಚೆಕ್ ಮಾಡ್ತಿದ್ದಿವಿ. ನಮ್ಮ ಅಮ್ಮಿ ಮಾತ್ರ ಮನ್ಯಾಗ ಇದೇ ನೀರಾಗ ಮೈ ತೊಳಕೊಂಡು ಹೋದಳು. ಬಾಯ್ಲರಿಗಿ ಮಾಡಿದ್ದು ಅಮ್ಮಿಗಿ ಮಾಡಬೇಕಂತ ನಮ್ಮ ತಲ್ಯಾಗ ಬರಲೇ ಇಲ್ಲ ನೋಡ್ರಿ."

ಆ ಮಾತಿನ ಮೇಲೆ ನಾನು ಮತ್ತೆ ಯಾರ ಅಭಿಪ್ರಾಯವನ್ನೂ ಕೇಳಲಿಲ್ಲ. ಸಾಬರ ಯೋಜನೆ ಸರಳವಾಗಿತ್ತು: ಮಾಳಿಗೆಯ ಟ್ಯಾಂಕಿನಿಂದ ಇಳಿಯುವ ನೀರು ಮೊದಲು ಮರಳಿನ ಸಿಲಿಂಡರು, ಆಮೇಲೆ ಇದ್ದಲಿನದು, ಕೊನೆಗೆ ಸಾಸಿವೆಯಷ್ಟು ಸಣ್ಣ ಮಣಿಗಳನ್ನು ತುಂಬಿದ ಸಿಲಿಂಡರು ದಾಟಿ ನಲ್ಲಿಗೆ ಬರಬೇಕು. ಆ ಮಣಿಗಳು ನೀರಿನ ಸುಣ್ಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ನಾಲ್ಕಾರು ದಿನಕ್ಕೊಮ್ಮೆ ಉಪ್ಪುನೀರಿನಿಂದ ತೊಳೆದರೆ ಸುಣ್ಣ ಬಿಟ್ಟು ಮತ್ತೆ ಕೆಲಸಕ್ಕೆ ಸಿದ್ಧವಾಗುತ್ತವೆ. ದೊಡ್ಡದನ್ನೇ ಹಾಕಿಬಿಡೋಣವೆಂದು ನಾನು ಉತ್ಸಾಹ ತೋರಿಸಿದರೆ, ಮೂರು ಮಂದಿಯ ಮನೆಗೆ ಕಾರ್ಖಾನೆಯ ಸಾಮಾನು ಬೇಡವೆಂದು ಅವರೇ ಸಣ್ಣದನ್ನು ಗೊತ್ತು ಮಾಡಿದರು.

ಉಪ್ಪಿನ ಚೀಲ ಬಂದಿಳಿದಾಗ ಮಾತ್ರ ಮನೆಯಲ್ಲಿ ಸಣ್ಣ ಕೋಲಾಹಲವಾಯಿತು. ರಕ್ತದೊತ್ತಡದ ಕಾರಣ ಅವ್ವನಿಗೆ ಉಪ್ಪು ಕಡಿಮೆ. "ಡಾಕ್ಟರು ಚಿಟಿಕಿ ಉಪ್ಪು ಬ್ಯಾಡ ಅಂದಾರ, ನನ್ನ ಮಗ ಚೀಲಾನೇ ತಂದಾನ" ಎಂದು ಆಕೆ ಕಟ್ಟೆಯ ಮೇಲೆ ಕುಳಿತು ಸಾರಿದಳು. ನನಗೂ ದಿಗಿಲಾಯಿತು. ಸಾಬರು ಮುಚ್ಚುಮರೆ ಮಾಡಲಿಲ್ಲ. "ಸುಳ್ಳು ಹೇಳಂಗಿಲ್ರಿ ಅವ್ವಾರ, ಭಾಳಷ್ಟು ಮೋರಿಗಿ ಹೋಗ್ತದ, ಸ್ವಲ್ಪ ಅದರ ಅಂಶ ನೀರಾಗ ಬರ್ತದ. ಮೈಗಿ ಏನೂ ಆಗಂಗಿಲ್ಲ. ಕುಡಿಯೂದು, ಅಡಗಿ ಮಾಡೂದು ಮಾತ್ರ ಬ್ಯಾರೆ ಲೈನ್ ಇಡ್ತೀನಿ" ಎಂದು, ಅಡುಗೆಮನೆಗೆ ಯಂತ್ರ ದಾಟದ ಪ್ರತ್ಯೇಕ ಪೈಪು ಎಳೆದು, ಅದರ ಕೊನೆಗೆ ಕುಡಿಯುವ ನೀರಿನ ಸಣ್ಣ ಫಿಲ್ಟರು ಕೂಡಿಸಿದರು. ಅದು ಚೆಲ್ಲುವ ಸ್ವಲ್ಪ ನೀರೂ ಒಂದು ಬಕೆಟ್ಟಿಗೆ ಬಿದ್ದು ನೆಲ ಒರೆಸಲು ಬಂದೀತೆಂದ ಮೇಲೆ ಅವ್ವ ಅನುಮತಿ ಕೊಟ್ಟಳು. ಹೋಗುವಾಗ ಸಾಬರು ನನಗೆ ಒಂದೇ ಸೂಚನೆ ಕೊಟ್ಟರು: ಇನ್ನು ಸಾಬೂನು ಅರ್ಧ ಸಾಕು, ಮೊದಲ ನಾಲ್ಕು ದಿನ ಎಷ್ಟು ತೊಳೆದರೂ ಮೈ ಜಾರಿದ ಹಾಗೆ ಅನ್ನಿಸುತ್ತದೆ, ಅದು ಈ ನೀರಿನ ಗುಣ, ಮನೆಯಲ್ಲಿ ಎಲ್ಲರಿಗೂ ಹೇಳಿಬಿಡಿ.

ನಾನು ಹೇಳಿದೆ. ಮಹಾದೇವಿಗೆ ಹೇಳಿದೆ, ಷಡ್ಡಕನಿಗೆ ಫೋನು ಮಾಡಿ ಹೇಳಿದೆ, ಕಾಲೇಜಿನಲ್ಲಿ ಕೇಳಿದವರಿಗೂ ಕೇಳದವರಿಗೂ ಸೋದಾಹರಣವಾಗಿ ವಿವರಿಸಿದೆ. ಅವ್ವನಿಗೆ ಹೇಳಬೇಕೆಂದಾಗ ಆಕೆ ಮಲಗಿದ್ದಳು. ಉಪದೇಶವೃತ್ತಿಯವರ ಹಣೆಬರಹವೇ ಇಷ್ಟು, ಬೇಕಾದವರೊಬ್ಬರನ್ನು ಬಿಟ್ಟು ಊರಿಗೆಲ್ಲ ಪಾಠ ಮುಟ್ಟಿರುತ್ತದೆ.

ಮರುದಿನ ಬೆಳಿಗ್ಗೆ ಅವ್ವ ಸ್ನಾನಕ್ಕೆ ಹೋದಳು. ಎಂದಿನಂತೆ ಹದಿನೈದು ನಿಮಿಷ ಕಳೆಯಿತು. ಅರ್ಧ ಗಂಟೆಯಾಯಿತು. ಒಳಗೆ ನೀರು ಸುರಿಯುವ ಸದ್ದು, ಸ್ವಲ್ಪ ಹೊತ್ತು ಮೌನ, ಮತ್ತೆ ಸದ್ದು. ಮಹಾದೇವಿ ಬಾಗಿಲ ಹತ್ತಿರ ಹೋಗಿ, "ಅತ್ತೀ, ಆತೇನ್ರಿ?" ಎಂದು ಕೂಗಿದಳು. ಉತ್ತರವಿಲ್ಲ, ಸ್ನಾನದಲ್ಲಿ ಅವ್ವ ಮಾತನಾಡುವುದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆವು. ಮುಕ್ಕಾಲು ಗಂಟೆಯಾದ ಮೇಲೆ ನೀರಿನ ಸದ್ದು ಪೂರ್ತಿ ನಿಂತಿತು. ಬಾಗಿಲು ತೆರೆಯಲಿಲ್ಲ. ನಾನು ಕೈಯಲ್ಲಿದ್ದ ಪತ್ರಿಕೆಯನ್ನು ಎಲ್ಲಿಟ್ಟೆನೋ ತಿಳಿಯದು. ನುಣ್ಣಗೆ ಪಾಲಿಶ್ ಮಾಡಿದ ಪರಸಿಯ ನೆಲ, ಅದರ ಮೇಲೆ ಸಾಬೂನು, ಎಂಬತ್ತರ ಮುದುಕಿ, ಒಳಗಿನಿಂದ ಹಾಕಿದ ಚಿಲಕ. ಇವಿಷ್ಟೂ ನನ್ನ ಕಣ್ಣ ಮುಂದೆ ಒಟ್ಟಿಗೆ ಬಂದು ನಿಂತವು. ಉರಿ ತಪ್ಪಿಸಲು ಹೋಗಿ ಅವ್ವನನ್ನೇ ಕೆಡವಿದೆನೇ? "ಅವ್ವಾ! ಅವ್ವಾ!" ಎಂದು ಬಾಗಿಲು ಬಡಿದೆ. ಭುಜ ಕೊಟ್ಟು ಬಾಗಿಲು ನೂಕಲು ಹಿಂದೆ ಸರಿದು ನಿಂತೆ. ನನ್ನ ಸ್ಥೂಲಕಾಯ ಅಂದಾದರೂ ಒಂದು ಕೆಲಸಕ್ಕೆ ಬರಲಿತ್ತು.

ಆಗ, ನಾನು ಹುಟ್ಟಿದಾಗಿನಿಂದ ಒಮ್ಮೆಯೂ ಮುರಿಯದಿದ್ದ ಆ ಹೊತ್ತಿನ ಮೌನವನ್ನು ಮುರಿದು, ಒಳಗಿನಿಂದ ಅವ್ವನ ಸಿಟ್ಟಿನ ದನಿ ಬಂತು.

"ಯಾಕೋ ಚೀರಾಕತ್ತಿ? ನೀರು ನಿಂತಾದ, ಮೊದಲ ಮೋಟಾರ ಹಾಕು. ಸಾಬೂನು ಹೋಗವಲ್ದು!"

ನಾನು ಅಲ್ಲಿಯೇ ನೆಲದ ಮೇಲೆ ಕುಳಿತುಬಿಟ್ಟೆ. ಬೈಗುಳವೊಂದು ಅಷ್ಟು ಇಂಪಾಗಿ ಕೇಳಿದ್ದು ಜನ್ಮದಲ್ಲಿ ಅದೇ ಮೊದಲು. ಮಹಾದೇವಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ನಗುತ್ತ, ಬಾಗಿಲಿಗೆ ಬಾಯಿಟ್ಟು, ಸಾಬೂನು ಎಂದೋ ಹೋಗಿದೆಯೆಂದೂ, ಮೈ ಜಾರುವುದು ಹೊಸ ನೀರಿನ ಗುಣವೆಂದೂ, ಇದನ್ನು ನಿನ್ನೆಯೇ ಹೇಳಬೇಕಾಗಿದ್ದ ಮಹಾನುಭಾವರು ಇಲ್ಲಿ ನೆಲದ ಮೇಲೆ ಕುಳಿತಿದ್ದಾರೆಂದೂ ವಿವರಿಸಿದಳು. ಅವ್ವ ಟ್ಯಾಂಕಿನ ಅಷ್ಟೂ ನೀರನ್ನು, ಮೈಮೇಲೆ ಇಲ್ಲವೇ ಇಲ್ಲದ ಸಾಬೂನಿನ ಮೇಲೆ ಸುರಿದಿದ್ದಳು. ಗಡಸು ನೀರಿನಲ್ಲಿ ಬೆಳೆದ ನಮಗೆ ತೊಳೆದ ಮೈಯೆಂದರೆ ಬೆರಳಿಗೆ ಗರಗರ ಹತ್ತಬೇಕು; ನುಣುಪಾಗಿದ್ದರೆ ಇನ್ನೂ ಕೊಳೆ ಉಳಿದಿದೆಯೆಂದೇ ಲೆಕ್ಕ. ಹನಿ ನೀರು ಚೆಲ್ಲಿದರೆ ನಮ್ಮನ್ನು ಗದರಿಸುವ ಅವ್ವನಿಗೆ ಆ ಪಾಪಪ್ರಜ್ಞೆ ಮಧ್ಯಾಹ್ನದವರೆಗೂ ಇಳಿಯಲಿಲ್ಲ.

ಮೌನ ಮುರಿದುದಕ್ಕೆ ಆಕೆ ಮತ್ತೆ ಮೊದಲಿನಿಂದ ಎರಡು ಚರಿಗೆ ಹಾಕಿಕೊಂಡು, ವಿಭೂತಿ ಧರಿಸಿ, ಪೂಜೆಗೆ ಕುಳಿತಳು. ನಾನು ಕಾಲೇಜಿಗೆ ರಜೆ ಹೇಳಿ ಅಂಗಳದಲ್ಲಿ ಕಾದೆ. ಅವ್ವ ಪೂಜೆ ಮುಗಿಸಿ ಬಂದು ಬಿಸಿಲಿಗೆ ಕುಳಿತು, ಎರಡು ರೊಟ್ಟಿ ಬ್ಯಾಳಿಪಲ್ಯದೊಂದಿಗೆ ತಿಂದು, ಆಮೇಲೆ ಅರ್ಧ ರೊಟ್ಟಿಯನ್ನು ಕೇಳಿ ಹಾಕಿಸಿಕೊಂಡಳು. ತಪ್ಪು ನನ್ನದು, ಹೇಳಲು ಮರೆತೆ ಎಂದೆ. ಅವ್ವ ತಾಟಿನಿಂದ ತಲೆಯೆತ್ತಲಿಲ್ಲ.

"ಜಾರೂದು ಒತ್ತಟ್ಟಿಗಿರ್ಲಿ ತಮ್ಮಾ. ನಾ ಉರಿ ಹಾದಿ ಕಾಯ್ಕೋತ ಕುಂತಿದ್ದೆ. ದಿನಾ ಮೈ ಉರಿ ಹತ್ತಿತು ಅಂದ್ರ ಸ್ನಾನ ಮುಗೀತು ಅಂತ ಏಳತಿದ್ದೆ. ಇವತ್ತ ಎಷ್ಟ ಹಾಕ್ಕೊಂಡ್ರೂ ಅದು ಬರಲೇ ಇಲ್ಲ."

ಹಾಗೆಂದು ಎಡತೋಳನ್ನು ನನ್ನ ಕಡೆ ಚಾಚಿ, ಮುಟ್ಟಿ ನೋಡು ಎಂದಳು. ನಾನು ಮುಟ್ಟಿ ನೋಡಿದೆ. ಆಕೆಯ ತೋಳನ್ನು ಹಾಗೆ ಹಿಡಿದು ಎಷ್ಟು ವರ್ಷಗಳಾಗಿದ್ದವೋ, ಅಂದು ನಾನು ಬೇಗ ಬಿಡಲಿಲ್ಲ.